ಗೆರೆಯೊಳಗಿನ ತೇವ

ಮಾರ್ಚ್ 2

ಹೆಂಡತಿ ಬುವಾಚನ್ ಇದ್ದಾಗ ದಿನದ ಗೊಣಗಾಟವನ್ನೆಲ್ಲ ಅವಳ ಮುಂದೆ ಸುರಿದು ಹಗುರಾಗಿ ಮಲಗುತ್ತಿದ್ದೆ. ಕೇಳುವವಳು ಹೋದಳು, ಗೊಣಗಾಟ ಉಳಿಯಿತು. ಅದಕ್ಕೇ ಈ ಪುಸ್ತಕ. ಇಡೀ ಆಯುಷ್ಯ ಗಣಿತ ಹೇಳಿಕೊಟ್ಟವನು ನಾನು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಉಪ್ಪು ಖಾರ ಹಚ್ಚುವುದಿಲ್ಲ.

ಇವತ್ತು ನಮ್ಮೂರ ವಿಹಾರಕ್ಕೆ ರಾಜಧಾನಿ ವಿಯಂಚನ್‌ನಿಂದ ಒಬ್ಬ ಹುಡುಗಿ ಬಂದಿದ್ದಳು. ಹೆಸರು ಸೆಂಗ್‌ಮಣಿ. ಹಳೆಯ ತಾಳೆಗರಿಗಳನ್ನು ಕಾಪಾಡುವ ಕಚೇರಿಯಲ್ಲಿ ಕೆಲಸ. ಚೀಲದಿಂದ ಸಾಬೂನಿನ ಗಾತ್ರದ ಒಂದು ಬಿಳಿ ಡಬ್ಬಿ ತೆಗೆದಳು. ಡೇಟಾ ಲಾಗರ್ ಅಂತೆ. ಆಗಾಗ ಹಸಿರು ದೀಪ ಮಿಟುಕಿಸಿ, ಕೋಣೆಯಲ್ಲಿ ಬಿಸಿ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂದು ತಾನೇ ಅಳೆದು ತನ್ನ ಹೊಟ್ಟೆಯೊಳಗೆ ಬರೆದಿಟ್ಟುಕೊಳ್ಳುತ್ತದೆ. ಯಾರೂ ಹೇಳಬೇಕಿಲ್ಲ, ಯಾರೂ ಗದರಬೇಕಿಲ್ಲ. ಇಂಥ ವಿದ್ಯಾರ್ಥಿ ನನಗೆ ಒಬ್ಬನೂ ಸಿಕ್ಕಿರಲಿಲ್ಲ.

ವಿಹಾರದ ದೊಡ್ಡ ಮರದ ಪೆಟ್ಟಿಗೆಯಲ್ಲಿ ಊರಿನ ತಾಳೆಗರಿ ಕಟ್ಟುಗಳಿವೆ. ಅವುಗಳ ಸಲುವಾಗಿ ಈ ಡಬ್ಬಿ. ಮಳೆಗಾಲ ಮುಗಿಯುವವರೆಗೆ ಅದು ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಇರಬೇಕು. ತೇವ ನೂರಕ್ಕೆ ಅರವತ್ತೈದರ ಗೆರೆಯೊಳಗೆ ಇದ್ದರೆ ಕಟ್ಟುಗಳು ಊರಲ್ಲೇ ಉಳಿಯುತ್ತವೆ. ಗೆರೆ ದಾಟಿದರೆ ವಿಯಂಚನ್‌ನ ತಣ್ಣನೆಯ ಕೋಣೆಗೆ ಹೋಗುತ್ತವೆ.

"ಹೋದ್ರೆ ವಾಪಸ್ ಬರ್ತಾವಾ?" ಅಂತ ಕೇಳಿದೆ.

"ನೀವು ಬಂದು ನೋಡ್ಬಹುದು, ಮೇಷ್ಟ್ರೇ. ಗಾಜಿನ ಆಚೆಯಿಂದ."

ಬುವಾಚನ್‌ಳದೂ ಒಂದು ಕಟ್ಟು ಆ ಪೆಟ್ಟಿಗೆಯಲ್ಲಿದೆ. ಕಾಯಿಲೆ ಬಿದ್ದ ಮೇಲೆ ಒಬ್ಬ ಭಿಕ್ಷುವಿನ ಕೈಲಿ ಬರೆಸಿದ ಗರಿಗಳು. ಅವನ್ನು ಸುತ್ತಿರುವ ಬಟ್ಟೆ ಅವಳೇ ಮಗ್ಗದಲ್ಲಿ ಕೂತು ನೇಯ್ದದ್ದು, ಕೆಂಪಿನ ಮೇಲೆ ಹಳದಿ ನಾಗಗಳು. ಕೊನೆಯ ನಾಗನ ಬಾಲ ಸೊಟ್ಟಗಾಗಿದೆ, ಆ ಹೊತ್ತಿಗೆ ಕೈ ನಡುಗುತ್ತಿತ್ತು. ಅವಳ ನೂರನೆಯ ದಿನದ ಪುಣ್ಯಕಾರ್ಯದಲ್ಲಿ ಅದನ್ನು ವಿಹಾರಕ್ಕೆ ಕೊಟ್ಟೆ. ಬುದ್ಧನಿಗೆ ಕೊಟ್ಟದ್ದನ್ನು ಮನೆಗೆ ಹಿಂದೆ ತರುವಂತಿಲ್ಲ. ಪೆಟ್ಟಿಗೆಗೆ ಬೀಗ, ಬೀಗದ ಕೈ ವಿಹಾರದ ಗುರುಗಳ ಹತ್ತಿರ. ದಿನಾ ಸಂಜೆ ಮುಚ್ಚಿದ ಪೆಟ್ಟಿಗೆಯ ಪಕ್ಕ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಅದು ವಿಯಂಚನ್‌ಗೆ ಹೋದರೆ ಎಲ್ಲಿ ಕೂರಲಿ?

ಡಬ್ಬಿ ನೋಡಿಕೊಳ್ಳುವ ಕೆಲಸ ಗುರುಗಳು ನನಗೇ ಕೊಟ್ಟರು. "ನಿಮ್ಮಷ್ಟು ಕಟ್ಟುನಿಟ್ಟಿನ ಮನುಷ್ಯ ಈ ನಾಮ್ ಊ ಹೊಳೆ ಉದ್ದಕ್ಕೂ ಹುಡುಕಿದ್ರೂ ಸಿಗಲ್ಲ, ಮೇಷ್ಟ್ರೇ," ಅಂದರು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದ ಹುಡುಗರನ್ನು ನಾನು ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಅವರಿಗೆಲ್ಲ ಈಗ ಮೊಮ್ಮಕ್ಕಳಾಗಿದ್ದರೂ ಯಾರೂ ಮರೆತಿಲ್ಲ.

ಮಾರ್ಚ್ 9

ತೇವ ಐವತ್ತೆರಡು. ಪಕ್ಕದ ಮನೆಯ ಪೆಂಗಕ್ಕ ಊಟಕ್ಕೆ ಕರೆದಳು. ಹೋಗಲಿಲ್ಲ. ಅವಳ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಕೇಳುವ ಕೆಲಸ ಯಾರಿಗೂ ಬೇಡ.

ಮಾರ್ಚ್ 22

ಐವತ್ತು. ಊಟ: ನಿನ್ನೆಯ ಅಂಟನ್ನ, ಉಪ್ಪು ಮೆಣಸಿನಕಾಯಿ. ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ 15

ಹೊಸ ವರ್ಷ. ಎಂದಿನಂತೆ ಬುದ್ಧನ ಮೂರ್ತಿಗಳನ್ನೆಲ್ಲ ಕೆಳಗಿಳಿಸಿ ಚಂಪಾ ಹೂವಿನ ನೀರೆರೆದರು. ನಾನು ಜನಜಂಗುಳಿ ಮುಗಿಯಲಿ ಎಂದು ಬಿಸಿಲು ಇಳಿದ ಮೇಲೆ ಹೋದೆ. ಹೋಗಿ ನೋಡಿದರೆ ಡಬ್ಬಿ ಮೂರ್ತಿಗಳ ಸಾಲಿನಲ್ಲಿ ಕೂತಿದೆ. ತಲೆಯ ಮೇಲೊಂದು ಹೂವು, ಸುತ್ತ ನೀರು. ಪರದೆಯ ಮೇಲೆ ತೊಂಬತ್ತೊಂಬತ್ತು.

ನೀರೆರೆದವಳು ಪೆಂಗಕ್ಕ. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಇನ್ನೂ ಬೆಳ್ಳಿ ಬಟ್ಟಲು, ಮುಖದಲ್ಲಿ ಪುಣ್ಯ ಗಳಿಸಿದ ಕಳೆ.

"ಪೆಂಗಕ್ಕ, ಇದು ಯಂತ್ರ."

"ಗೊತ್ತು. ಬುದ್ಧನ ಹಲಗೆ ಮೇಲೆ ಕೂತಿತ್ತಲ್ಲ. ಹಲಗೆ ಮೇಲಿರೋರಿಗೆಲ್ಲ ಎರೆದು ಇದೊಂದನ್ನ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?"

"ಯಂತ್ರಕ್ಕೆ ಬೇಜಾರಾಗಲ್ಲ."

"ಹಂಗಾದ್ರೆ ನಿಮಗ್ಯಾಕೆ ಆಗ್ತಿದೆ?" ಅಂದು ಉಳಿದ ನೀರನ್ನು ನನ್ನ ಹೆಗಲ ಮೇಲೆ ಸುರಿದಳು. ಹಬ್ಬದ ದಿನ ನೀರೆರೆದರೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ನಾನು ಮಾಡಿಕೊಂಡೆ.

ಏಪ್ರಿಲ್ 17

ಡಬ್ಬಿ ಸತ್ತಿಲ್ಲ. ಒರೆಸಿ ಹಲಗೆಯ ಮೇಲೆ ಇಟ್ಟೆ, ಐವತ್ತೈದಕ್ಕೆ ಇಳಿಯಿತು. ನಡೆದದ್ದನ್ನೆಲ್ಲ ಬರೆದು ಸೆಂಗ್‌ಮಣಿಗೆ ಅಂಚೆಯಲ್ಲಿ ಕಳಿಸಿದೆ. ಹೂವಿನ ವಿಷಯವನ್ನೂ ಬಿಡಲಿಲ್ಲ. ಬುವಾಚನ್ ಇದ್ದಿದ್ದರೆ, ಇಷ್ಟೆಲ್ಲ ಯಾಕೆ ಬರೀತೀರಿ ಅನ್ನುತ್ತಿದ್ದಳು.

ಮೇ 11

ಸೆಂಗ್‌ಮಣಿ ಬಂದಳು. ಡಬ್ಬಿಗೆ ತಂತಿ ಚುಚ್ಚಿ ತನ್ನ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೋರಿಸಿದಳು. ಎರಡು ತಿಂಗಳ ತೇವ ಒಂದೇ ಗೀಟಿನಲ್ಲಿ, ಹೊಸ ವರ್ಷದ ದಿನ ಮಾತ್ರ ನೆಟ್ಟಗೆ ನಿಂತ ಒಂದು ಗುಡ್ಡ.

"ಪತ್ರದಲ್ಲಿ ಕಾರಣ ಬರೆದಿದ್ದೆ," ಅಂದೆ.

"ಓದಿದೆ ಮೇಷ್ಟ್ರೇ. ಕಚೇರೀಲೆಲ್ಲ ಓದಿ ನಕ್ರು. ಆದ್ರೆ ನಕ್ಷೆ ಒಳಗೆ ಪತ್ರ ಸೇರ್ಸೋಕಾಗಲ್ಲ. ಗೆರೆ ಒಂದು ಸಲ ದಾಟಿದೆ. ಮಳೆಗಾಲದಲ್ಲಿ ಇನ್ನೊಂದು ಸಲ ದಾಟಿದ್ರೆ ಗಾಡಿ ಕಳಿಸ್ತಾರೆ."

"ಸ್ನಾನ ಮಾಡ್ಸಿದ್ದಕ್ಕೆ ಊರು ಬಿಡ್ಸೋದಾ?" ಅಂದಳು ಬಾಗಿಲಲ್ಲಿ ನಿಂತಿದ್ದ ಪೆಂಗಕ್ಕ. "ನಮ್ಮ ಅತ್ತೆ ಕೂಡ ಇಷ್ಟು ಕಠಿಣ ಇರ್ಲಿಲ್ಲ. ಚಾಡಿ ಪೆಟ್ಟಿಗೆ ಇದು, ಯಂತ್ರ ಅಲ್ಲ."

ಸೆಂಗ್‌ಮಣಿ ಒಳ್ಳೆಯ ಹುಡುಗಿ, ನಕ್ಕಳು. ನಿಯಮ ಮಾಡಿದವಳು ಅವಳಲ್ಲ. ಇದ್ದದ್ದು ಇದ್ದ ಹಾಗೆ ಬರೆದ ನಾನು ತಪ್ಪಿತಸ್ಥ, ಏನೂ ತಿಳಿಯದ ಡಬ್ಬಿ ಸತ್ಯವಂತ.

ಜೂನ್ 8

ಮಳೆ ಹಿಡಿಯಿತು. ಬೆಳಿಗ್ಗೆ ಅರವತ್ತೊಂದು, ಮಧ್ಯಾಹ್ನ ಅರವತ್ತನಾಲ್ಕು.

ಡಬ್ಬಿಯನ್ನು ಕೆಳಗಿನ ಹಲಗೆಯಿಂದ ಮೇಲಿನ ಹಲಗೆಗೆ ಇಟ್ಟೆ. ಸೂಚನೆಯಲ್ಲಿ "ಹಲಗೆಯ ಮೇಲೆ" ಎಂದಿದೆ, ಯಾವ ಹಲಗೆ ಎಂದಿಲ್ಲ. ಮೇಲೆ ಸ್ವಲ್ಪ ಒಣಗಿರುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ.

ಜೂನ್ 10

ಮೇಲಿನ ಹಲಗೆಯಲ್ಲೂ ಅರವತ್ತನಾಲ್ಕು. ಡಬ್ಬಿಯ ಮೈಮೇಲೆ ತೇವ ಕೂತಂತೆ ಕಂಡಿತು, ಅಂಗಿಯ ತುದಿಯಿಂದ ಒರೆಸಿದೆ. ಕನ್ನಡಕ ಒರೆಸಿಕೊಂಡರೆ ಯಾರಾದರೂ ಕಳ್ಳ ಅನ್ನುತ್ತಾರೆಯೇ?

ಜೂನ್ 14

ನಾನು ಮೂರನೆಯ ಸಲ ಒರೆಸುತ್ತಿದ್ದುದನ್ನು ಪೆಂಗಕ್ಕ ನೋಡಿದಳು. ಮನೆಗೆ ಹೋಗಿ ಒಂದು ಬಿಸ್ಕತ್ತಿನ ತಗಡಿನ ಡಬ್ಬ ತಂದಳು. ಅರ್ಧ ತುಂಬ ಆಗಷ್ಟೇ ಹುರಿದ ಅಂಟಕ್ಕಿ, ಇನ್ನೂ ಬೆಚ್ಚಗಿತ್ತು.

"ಇದರೊಳಗೆ ಮಲಗ್ಸಿ, ಮೇಷ್ಟ್ರೇ. ಬಿತ್ತನೆ ಬೀಜ ನಾವು ಹಿಂಗೇ ಇಡೋದು. ಹುರಿದಕ್ಕಿ ತೇವ ಎಲ್ಲ ಕುಡಿಯುತ್ತೆ."

"ಅದು ಮೋಸ ಆಗುತ್ತೆ."

"ಯಾರಿಗೆ ಮೋಸ? ನೀರೆರೆದ್ರೆ ತಪ್ಪು ಅಂತೀರಿ, ಒಣಗ್ಸಿದ್ರೂ ತಪ್ಪು ಅಂತೀರಿ. ಮಗ್ಗದ ಹತ್ರ ಕೂತು ಬುವಾಚನ್ ಹೇಳ್ತಿದ್ಲು, ನಮ್ಮೋರು ಅನ್ನದ ಅಗುಳೂ ಎಣಿಸಿ ಉಣ್ತಾರೆ ಅಂತ."

ಬುವಾಚನ್ ಹಾಗೆ ಹೇಳಿರಲಾರಳು. ಹೇಳಿರಲೂಬಹುದು.

ಗಣಿತದ ದೃಷ್ಟಿಯಿಂದ ಯೋಚಿಸಿದೆ. ಡಬ್ಬಿ ಇರಬೇಕಾದದ್ದು ವಿಹಾರದೊಳಗೆ. ಬಿಸ್ಕತ್ತಿನ ಡಬ್ಬ ವಿಹಾರದೊಳಗಿದೆ. ಹಾಗಿದ್ದಮೇಲೆ ಅದರೊಳಗಿರುವುದೂ ವಿಹಾರದೊಳಗೇ ಇದೆ. ಇಷ್ಟು ಸರಳ ಸಾಧನೆಯನ್ನು ಆರನೆಯ ತರಗತಿಯವನೂ ಒಪ್ಪಬೇಕು. ಸಂಜೆ ನೋಡಿದಾಗ ಐವತ್ತಮೂರು.

ಜೂನ್ 23

ಅಕ್ಕಿ ಬೇಗ ಮೆತ್ತಗಾಗುತ್ತದೆ, ದಿನಾ ಬದಲಿಸಬೇಕು. ಪೆಂಗಕ್ಕ ಸಂಜೆ ಹೊಸದಾಗಿ ಹುರಿದದ್ದು ತರುತ್ತಾಳೆ, ಹಳೆಯದನ್ನು ಒಯ್ದು ಮತ್ತೊಮ್ಮೆ ಬಾಣಲೆಗೆ ಹಾಕಿ, ಕುಟ್ಟಿ ಪುಡಿ ಮಾಡಿ ಲಾಪ್‌ಗೆ ಬೆರೆಸುತ್ತಾಳೆ. ಕೊಚ್ಚಿದ ಹೊಳೆ ಮೀನು, ಪುದೀನ, ನಿಂಬೆ, ಮೇಲೆ ಈ ಹುರಿದಕ್ಕಿ ಪುಡಿ. ವಿಹಾರದ ತೇವವನ್ನೆಲ್ಲ ನಾವು ದಿನಾ ಊಟಕ್ಕೆ ತಿನ್ನುತ್ತಿದ್ದೇವೆ.

ಅಕ್ಕಿ ವಾಪಸು ಕೊಡಲು ಅವಳ ಮನೆಗೆ ಹೋಗಲೇಬೇಕಾಗುತ್ತದೆ. ಹೋದಾಗ ಊಟ ಬೇಡ ಅಂದರೆ ಚೆನ್ನಾಗಿರುವುದಿಲ್ಲ. ಡಬ್ಬಿಯ ಕೆಲಸಕ್ಕೆ ಸಂಬಂಧಿಸಿದ್ದು, ಬೇರೇನಿಲ್ಲ.

ಜುಲೈ 3

ಊರಿಗೆಲ್ಲ ಗೊತ್ತಾಗಿದೆ. ನಾನು ಹೇಳಿದ್ದಲ್ಲ. ಇವತ್ತು ದೋಣಿಯವರ ಮನೆಯಿಂದ ಇದ್ದಿಲು ಬಂತು, ತೇವಕ್ಕೆ ಅದೂ ಒಳ್ಳೆಯದಂತೆ. ಮಗ್ಗದ ಹೆಂಗಸರು ಬಿಸ್ಕತ್ತಿನ ಡಬ್ಬಕ್ಕೆ ಹತ್ತಿಯ ಗವಸು ಹೊಲಿದಿದ್ದಾರೆ. ಒಂದು ಕಾಲಕ್ಕೆ ನಾನು ಬಿಸಿಲಲ್ಲಿ ನಿಲ್ಲಿಸಿದ್ದ ಖಮ್‌ಪಾಯ್ ಈಗ ಎರಡು ಮೊಮ್ಮಕ್ಕಳ ಅಜ್ಜ. ಡಬ್ಬದ ಮುಚ್ಚಳಕ್ಕೆ ಹಚ್ಚಲು ಮೇಣ ತಂದು ಕೊಟ್ಟು, ಬಹಳ ವಿನಯದಿಂದ ಕೇಳಿದ:

"ಮೇಷ್ಟ್ರೇ, ಇದು ಪಕ್ಕದವನ ಉತ್ತರ ನೋಡ್ಕೊಂಡು ಬರೆದಂಗೆ ಅಲ್ವಾ?"

"ಅಲ್ಲ," ಅಂದೆ. "ಪಕ್ಕದವನ ಉತ್ತರ ಸರಿ ಇರ್ಬಹುದಿತ್ತು, ತಪ್ಪೂ ಇರ್ಬಹುದಿತ್ತು. ಇಲ್ಲಿ ಸರಿ ಉತ್ತರ ಮೊದಲೇ ಗೊತ್ತಲ್ಲ."

ಎಲ್ಲರೂ ನಕ್ಕರು. ನನಗೂ ನಗು ಬಂತು. ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಪೆಟ್ಟಿಗೆಯ ಪಕ್ಕ ಕೂರುವುದು ತಪ್ಪಿತು.

ಜುಲೈ 17

ಭಿಕ್ಷುಗಳ ಮಳೆಗಾಲದ ವಾಸ ಶುರು. ಸಂಜೆ ಮೇಣದಬತ್ತಿ ಮೆರವಣಿಗೆ ಹೊರಟಿತು. ಬತ್ತಿಗಳ ಬಿಸಿ ಡಬ್ಬಿಗೆ ತಗುಲದಂತೆ ಅದನ್ನು ಗುರುಗಳ ಕೋಣೆಗೆ ಸಾಗಿಸಿದೆವು. ಗುರುಗಳು ಕೇಳಲೂ ಇಲ್ಲ, ತಮ್ಮ ಹಾಸಿಗೆಯ ತಲೆದಿಂಬಿನ ಪಕ್ಕ ಜಾಗ ಮಾಡಿಕೊಟ್ಟರು.

"ಇದಕ್ಕೂ ಮೂರು ತಿಂಗಳು ಹೊರಗೆ ಹೋಗೋ ಹಾಗಿಲ್ಲ ಅನ್ನಿ," ಅಂದರು.

ಆಗಸ್ಟ್ 6

ಸೆಂಗ್‌ಮಣಿ ಬರುವುದಾಗಿ ಮುಂಚೆಯೇ ಫೋನ್ ಮಾಡಿದ್ದಳು. ಡಬ್ಬಿ ಹಲಗೆಯ ಮೇಲೆ, ಕೆಳಗಿನ ಹಲಗೆಯ ಮೇಲೆ, ತನ್ನ ಮೊದಲ ಜಾಗದಲ್ಲಿ ಕೂತಿತ್ತು. ನಕ್ಷೆ ನೋಡುತ್ತ ನೋಡುತ್ತ ಅವಳ ಕಣ್ಣು ಅರಳಿತು. ಹೊರಗೆ ಹೊಳೆ ದಡ ಮೀರಿ ಹರಿಯುತ್ತಿದೆ, ಒಳಗಿನ ಗೀಟು ಹಾಸುಗಲ್ಲಿನ ಹಾಗೆ ಮಟ್ಟಸ.

"ಇಷ್ಟು ಚೆನ್ನಾಗಿ ನಮ್ಮ ತಣ್ಣನೆ ಕೋಣೇಲೂ ಇಲ್ಲ, ಮೇಷ್ಟ್ರೇ. ಗೋಡೆ ಯಾವ್ದು ಇದು? ಸುಣ್ಣದ ಗಾರೆನಾ?"

"ಹಳೇ ಕಾಲದ್ದು," ಅಂದೆ. ಗೋಡೆ ಹಳೇ ಕಾಲದ್ದೇ.

"ಆ ಹೊಸ ವರ್ಷದ ಗುಡ್ಡ ಒಂದನ್ನ ದೊಡ್ಡೋರಿಗೆ ಹೇಳಿ ತೆಗೆಸ್ತೀನಿ. ಇಡೀ ಉತ್ತರ ಭಾಗದಲ್ಲಿ ನಿಮ್ಮ ವಿಹಾರವೇ ಮೊದಲನೇದು."

ಅವಳಿಗೆ ಪೆಂಗಕ್ಕ ಲಾಪ್ ಬಡಿಸಿದಳು. ಸೆಂಗ್‌ಮಣಿ ಎರಡು ಸಲ ಹಾಕಿಸಿಕೊಂಡು, ಹುರಿದಕ್ಕಿ ಬಹಳ ಘಮಘಮ ಅನ್ನುತ್ತೆ ಅಂದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಒಂದು ಸುಳ್ಳೂ ಹೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ, ಅಷ್ಟೆ.

ಆಗಸ್ಟ್ 19

ಪೆಂಗಕ್ಕನಿಗೆ ಮಂಡಿ ನೋವು, ಹಾಗಾಗಿ ಅಕ್ಕಿ ನಾನೇ ಹುರಿದೆ. ಮೊದಲ ಸಲ ಸೀದು ಹೋಯಿತು. "ಗಣಿತದಲ್ಲಿ ಬಾಣಲೆ ತಿರುಗ್ಸೋ ಪಾಠ ಇಲ್ವಾ?" ಅಂತ ಮಲಗಿದ ಕಡೆಯಿಂದಲೇ ಕೇಳಿದಳು. ಎರಡನೆಯ ಸಲ ಚೆನ್ನಾಗಿ ಬಂತು. ಅವಳ ಸೊಸೆ, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ನಾನೂ ಅವರ ಮಾತಿನ ಮೇಲೆ ಮಾತಾಡಬೇಕಾಯಿತು. ಇಲ್ಲದಿದ್ದರೆ ಆ ಮನೆಯಲ್ಲಿ ಉಪ್ಪು ಕೂಡ ಸಿಗುವುದಿಲ್ಲ.

ಆಗಸ್ಟ್ 30

ಸತ್ತವರಿಗೆ ಅನ್ನ ಇಡುವ ಅಮಾವಾಸ್ಯೆ. ಬೆಳಕು ಹರಿಯುವ ಮೊದಲೇ ಎಲ್ಲರೂ ಬಾಳೆಲೆಯ ಪೊಟ್ಟಣಗಳನ್ನು ವಿಹಾರದ ಗೋಡೆಯ ಬುಡದಲ್ಲಿ ಇಟ್ಟೆವು. ಬುವಾಚನ್‌ಳ ಪೊಟ್ಟಣದಲ್ಲಿ ಅಂಟನ್ನ, ಮೀನು, ಒಂದು ವೀಳ್ಯ. ಆಮೇಲೆ ಗುರುಗಳು, "ಇವತ್ತು ಅವಳ ಕಟ್ಟು ಬಿಚ್ಚಿ ಓದೋಣ ಮೇಷ್ಟ್ರೇ, ಪುಣ್ಯ ಅವಳಿಗೆ ತಲುಪ್ಲಿ," ಅಂದರು. ಪೆಟ್ಟಿಗೆಯ ಬೀಗ ತೆಗೆದರು. ಮಳೆಗಾಲ ಶುರುವಾದ ಮೇಲೆ ಅದನ್ನು ತೆರೆದದ್ದು ಇದೇ ಮೊದಲು.

ಮೊದಲು ವಾಸನೆ ಬಂತು. ಒದ್ದೆ ನೆಲಮಾಳಿಗೆಯ ವಾಸನೆ.

ಎಲ್ಲ ಕಟ್ಟುಗಳ ಮೇಲೂ ಬೂಷ್ಟು. ಬೂದು ಬಣ್ಣದ್ದು, ಕಪ್ಪು, ಕೆಲವು ಕಡೆ ಹಸಿರು. ಬುವಾಚನ್‌ಳ ಕೆಂಪು ಬಟ್ಟೆಯ ಮೇಲೆ ಕಪ್ಪು ಚುಕ್ಕೆಗಳು ಹರಡಿದ್ದವು. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಗುರುಗಳು ಬೆರಳಿಟ್ಟರೆ ಬಿಡಲಿಲ್ಲ. ಓದಲು ಆಗಲಿಲ್ಲ.

ಪೆಟ್ಟಿಗೆಯ ಪಕ್ಕದಲ್ಲೇ ಗವಸು ತೊಟ್ಟ ಬಿಸ್ಕತ್ತಿನ ಡಬ್ಬ ಇತ್ತು. ಮುಚ್ಚಳ ತೆಗೆದು ನೋಡಿದೆ. ಐವತ್ತೆರಡು. ಊರೆಲ್ಲ ಸೇರಿ ಎರಡೂವರೆ ತಿಂಗಳು ಆ ಡಬ್ಬಿಗೆ ಅಕ್ಕಿ ಹುರಿದೆವು, ಇದ್ದಿಲು ಹಾಕಿದೆವು, ಗವಸು ಹೊಲಿದೆವು. ಒಂದು ಮೊಳ ದೂರದಲ್ಲಿದ್ದ ಪೆಟ್ಟಿಗೆಯನ್ನು ಒಬ್ಬರೂ ತೆರೆದು ನೋಡಲಿಲ್ಲ. ಅದಕ್ಕೆ ಒರಗಿಕೊಂಡು ಕೂರುತ್ತಿದ್ದ ನಾನೂ ನೋಡಲಿಲ್ಲ.

ಬುವಾಚನ್, ತಪ್ಪಾಯಿತು.

ಆಗಸ್ಟ್ 31

ಬರೆಯಲಾರೆ.

ಸೆಪ್ಟೆಂಬರ್ 4

ದೋಣಿ ಹಿಡಿದು, ಆಮೇಲೆ ಬಸ್ಸು ಹಿಡಿದು ಲುವಾಂಗ್ ಪ್ರಬಾಂಗ್‌ಗೆ ಹೋದೆ. ಸೆಂಗ್‌ಮಣಿಯ ಮೇಲಿನ ಅಧಿಕಾರಿ ಒಂದು ಸಭೆಗೆಂದು ಅಲ್ಲಿಗೆ ಬಂದಿದ್ದರು. ಎಲ್ಲವನ್ನೂ ಒಪ್ಪಿಕೊಂಡು, ಕಟ್ಟುಗಳನ್ನು ದಯವಿಟ್ಟು ವಿಯಂಚನ್‌ಗೆ ಒಯ್ಯಿರಿ ಅಂತ ಕೈ ಮುಗಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವರು ಪೂರ್ತಿ ಕೇಳಿದರು. ಚಹಾ ತರಿಸಿದರು. ಆಮೇಲೆ ಹೇಳಿದರು: "ಮೇಷ್ಟ್ರೇ, ಹೋದ ವರ್ಷ ನಿಮ್ಮ ಹೆಂಡತಿ ತೀರಿಕೊಂಡ್ರು ಅಂತ ಸೆಂಗ್‌ಮಣಿ ಹೇಳಿದ್ಲು. ದುಃಖದಲ್ಲಿ ಮನುಷ್ಯನಿಗೆ ಎಲ್ಲ ತನ್ನಿಂದಲೇ ಆಯ್ತು ಅನ್ಸುತ್ತೆ."

"ದುಃಖ ಬೇರೆ, ಸ್ವಾಮಿ. ನಾನು ಡಬ್ಬಿನ ಅಕ್ಕಿ ಡಬ್ಬದಲ್ಲಿಟ್ಟಿದ್ದೆ."

"ನೋಡಿ, ಯಂತ್ರ ಸುಳ್ಳು ಹೇಳಲ್ಲ. ಅದಕ್ಕೆ ಹೆಂಡತಿ ಸತ್ತಿಲ್ಲ." ನಕ್ಷೆ ತೆಗೆದು ನನ್ನ ಮುಂದೆ ಹರಡಿದರು, ನನ್ನ ಸುಳ್ಳನ್ನು ನನಗೇ ಸಾಕ್ಷಿಯಾಗಿ ತೋರಿಸಿದರು. "ಈ ಗೀಟನ್ನ ನಂಬ್ಲೋ, ನಿಮ್ಮನ್ನ ನಂಬ್ಲೋ?"

ತಣ್ಣನೆಯ ಕೋಣೆಯಲ್ಲಿ ಜಾಗವೂ ಇಲ್ಲವಂತೆ. ಗೆರೆ ದಾಟಿದವರಿಗೆಲ್ಲ ಹಂಚಿಯಾಗಿದೆ. ಹೊಳೆಯ ಕೆಳಗಿನ ಊರಿನವರು ತಮ್ಮ ಡಬ್ಬಿಯನ್ನು ದೋಣಿಯಿಂದ ನೀರಿಗೆ ಬೀಳಿಸಿ ಬಲೆ ಹಾಕಿ ಎತ್ತಿದ್ದರು, ಅವರ ತೇವ ನೂರು. ಅವರ ಕಟ್ಟುಗಳಿಗೆ ಮೊದಲ ಕಪಾಟು ಸಿಕ್ಕಿದೆ. ನಮ್ಮದು ಮಾದರಿ ವಿಹಾರ, ನಮಗೆ ಪ್ರಶಸ್ತಿ ಪತ್ರ.

ಬಾಗಿಲವರೆಗೆ ಬಂದು ನನ್ನ ಬೆನ್ನು ತಟ್ಟಿ, "ನಿಮ್ಮಂಥ ಪ್ರಾಮಾಣಿಕರು ಈಗ ಅಪರೂಪ," ಅಂದರು.

ಸೆಪ್ಟೆಂಬರ್ 6

ಪೆಂಗಕ್ಕನಿಗೆ ಎಲ್ಲ ಹೇಳಿದೆ. ಅವಳು ಒಲೆಯ ಮೇಲಿದ್ದ ಬಾಣಲೆ ಕೆಳಗಿಳಿಸಿದಳು. ಆಮೇಲೆ, "ಅಕ್ಕಿ ಡಬ್ಬ ತಂದೋಳು ನಾನು. ಸಾರಾಯಿಲಿ ಒರೆಸಿದ್ರೆ ಬೂಷ್ಟು ಸಾಯುತ್ತೆ, ಮೀನು ಒಣಗ್ಸೋ ತಟ್ಟೆಗೆ ನಾವು ಹಂಗೇ ಮಾಡೋದು," ಅಂದಳು. ನಾನು ಈ ಸಲ ತಕ್ಷಣ ನಂಬಲಿಲ್ಲ. ಸೆಂಗ್‌ಮಣಿಗೆ ಫೋನ್ ಮಾಡಿ, ಬೂಷ್ಟು ಬಂದ ಗರಿಗಳಿಗೆ ಏನು ಮಾಡುತ್ತಾರೆ ಎಂದು, ಇವಳೂ ದುಃಖದ ಮಾತು ತೆಗೆದಾಳೆಂದು, ಸುಮ್ಮನೆ ತಿಳಿದುಕೊಳ್ಳಲು ಕೇಳುವವನಂತೆ ಕೇಳಿದೆ. ಅವಳೂ ಸಾರಾಯಿ ಅಂತಲೇ ಅಂದಳು, ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒರೆಸಬೇಕು, ನೆರಳಿನಲ್ಲಿ ಆರಿಸಬೇಕು.

ಸೆಪ್ಟೆಂಬರ್ 15

ವಿಹಾರದ ನೆಲದ ತುಂಬ ಚಾಪೆ, ಚಾಪೆಯ ತುಂಬ ಗರಿ. ಮನೆಮನೆಯಿಂದ ಅಕ್ಕಿ ಸಾರಾಯಿ ಬಂತು. ಗಂಡಸರ ಮುಖ ನೋಡುವ ಹಾಗಿತ್ತು, ಒಬ್ಬೊಬ್ಬರೂ ಸೀಸೆಯ ಜೊತೆಗೆ ಒಂದು ನಿಟ್ಟುಸಿರನ್ನೂ ದಾನ ಮಾಡಿದರು. ಖಮ್‌ಪಾಯ್ ತನ್ನ ಹತ್ತಿಯ ತುಂಡನ್ನು ಮೂಸಿ ಮೂಸಿ ಒರೆಸುತ್ತಿದ್ದ.

ಕೆಲವು ಕಟ್ಟುಗಳು ಪರವಾಗಿಲ್ಲ. ಬುವಾಚನ್‌ಳದು ಹೊಸದು, ಗರಿ ಗಟ್ಟಿ, ಅರ್ಧಕ್ಕಿಂತ ಹೆಚ್ಚು ಬಿಡಿಸಿಕೊಂಡಿತು. ಬಟ್ಟೆಯನ್ನು ಪೆಂಗಕ್ಕ ವಿಹಾರದ ಬಾವಿಕಟ್ಟೆಯಲ್ಲೇ ತೊಳೆದು ಒಣಗಿಸಿದಳು. ಕಪ್ಪು ಚುಕ್ಕೆ ಪೂರ್ತಿ ಹೋಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅತ್ಯಂತ ಹಳೆಯ ಕಟ್ಟು. ಮಗು ಹುಟ್ಟಿದಾಗ, ಮದುವೆಯಾದಾಗ, ಯಾರಾದರೂ ಊರು ಬಿಟ್ಟು ಹೊರಟಾಗ ಪ್ರಾಣವನ್ನು ಮೈಗೆ ಕರೆದು ಕೈಗೆ ಬಿಳಿ ದಾರ ಕಟ್ಟುತ್ತೇವಲ್ಲ, ಆಗ ಓದುವ ಕಟ್ಟು ಅದು. ಈ ಊರಿನಲ್ಲಿ ಅದನ್ನು ಕೇಳದ ಕಿವಿ ಇಲ್ಲ. ಇನ್ನೊಂದು ಪ್ರತಿಯೂ ಇಲ್ಲ. ಮುಟ್ಟಿದರೆ ಅಂಚು ಪುಡಿಯಾಗುತ್ತದೆ, ಸುತ್ತಿದ ಬಟ್ಟೆ ಆಗಲೇ ಕೈಯಲ್ಲಿ ಉದುರಿತು. ಅದು ನಮ್ಮ ಸಾರಾಯಿಗೆ ಬಗ್ಗುವ ಕಾಯಿಲೆಯಲ್ಲ.

ಸೆಪ್ಟೆಂಬರ್ 28

ಒರೆಸುತ್ತಿದ್ದೇವೆ. ಈಗ ಬಾಣಲೆಯ ಕೆಲಸವೂ ನನ್ನದೇ, ಇಷ್ಟು ಜನಕ್ಕೆ ಸಂಜೆ ಊಟ ಆಗಬೇಕಲ್ಲ. ಡಬ್ಬಿಯನ್ನು ಬಿಸ್ಕತ್ತಿನ ಡಬ್ಬದಿಂದ ತೆಗೆದು ಎಲ್ಲಿಟ್ಟೆನೋ ನೆನಪಿಲ್ಲ.

ಅಕ್ಟೋಬರ್ 14

ಭಿಕ್ಷುಗಳ ಮಳೆವಾಸ ನಿನ್ನೆ ಮುಗಿಯಿತು. ಇವತ್ತು ಸೆಂಗ್‌ಮಣಿ ಪ್ರಶಸ್ತಿ ಪತ್ರ ಹಿಡಿದು ಬಂದಳು. ಚಿನ್ನದ ಬಣ್ಣದ ಚೌಕಟ್ಟು, ಒಳಗೆ ನಮ್ಮ ವಿಹಾರದ ಹೆಸರು, ಕೆಳಗೆ ಆ ಮಟ್ಟಸ ಗೀಟು. ಅವಳು ಏನಾದರೂ ಹೇಳುವ ಮೊದಲೇ ಕೈ ಹಿಡಿದು ಕರೆದುಕೊಂಡು ಹೋಗಿ ಚಾಪೆಗಳನ್ನು ತೋರಿಸಿದೆ.

ಅವಳು ಮಂಡಿಯೂರಿ ಕೂತಳು. ಒಂದು ಗರಿ ಎತ್ತಿ ನೋಡಿದಳು, ಮೂಸಿದಳು, ಎರಡು ಸಲ ಸೀನಿದಳು. ನಕ್ಷೆಗೆ ಸಾಧ್ಯವಾಗದ್ದು ಆ ಸೀನಿಗೆ ಸಾಧ್ಯವಾಯಿತು.

"ನೀವು ಲುವಾಂಗ್ ಪ್ರಬಾಂಗ್‌ನಲ್ಲಿ ಹೇಳಿದ್ದು ನಿಜ," ಅಂದಳು.

"ನಿಜ. ಆಗಸ್ಟಿನಲ್ಲಿ ನೀನು ತಿಂದ ಲಾಪ್ ಕೂಡ ಅದೇ ಅಕ್ಕಿದು."

ಅವಳು ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ, ತಲೆ ತಗ್ಗಿಸಿ ಕೂತಳು. "ನಾನು ಪೆಟ್ಟಿಗೆ ತೆಗೆಸಿ ನೋಡ್ಬೇಕಿತ್ತು. ಮೂರು ಸಲ ಬಂದೆ. ಬರೀ ಡಬ್ಬಿ ನೋಡ್ಕೊಂಡು ಹೋದೆ."

ತಣ್ಣನೆಯ ಕೋಣೆ ಭರ್ತಿಯಾಗಿರುವುದು ನಿಜವಂತೆ. ಆದರೆ ಮಾದರಿ ವಿಹಾರದಿಂದ ಒಂದೇ ಒಂದು ಕಟ್ಟನ್ನು ಪ್ರದರ್ಶನಕ್ಕೆ ಎಂದು ತರಿಸಿಕೊಳ್ಳಲು ಅವಕಾಶವಿದೆ. ಒಮ್ಮೆ ಒಳಗೆ ಹೋದರೆ ಅದನ್ನು ಬಿಡಿಸಿ, ರಿಪೇರಿ ಮಾಡಿ, ಕೆಡದಂತೆ ಇಡುತ್ತಾರೆ. ವಾಪಸು ಬರುವುದಿಲ್ಲ. ಅವಳು ಅದನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹೋಗಲು ಸಿದ್ಧ.

"ಒಂದೇ, ಮೇಷ್ಟ್ರೇ. ಯಾವ್ದು ಅಂತ ನೀವು ಹೇಳ್ಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ಪೆಂಗಕ್ಕನೇ ಬಾಯಿ ತೆಗೆದಳು. "ಬುವಾಚನ್‌ದು ಕಳ್ಸಿ. ಊರಲ್ಲಿ ಯಾರೂ ಬೇಡ ಅನ್ನಲ್ಲ." ಖಮ್‌ಪಾಯ್ ಹೂಂ ಅಂದ.

ಈ ಊರಿನಿಂದ ಹೋಗಬಾರದು ಎಂದು ಏನೆಲ್ಲ ಮಾಡಿದ್ದೆನೋ ಅದೇ ಕಟ್ಟನ್ನು ಈಗ ನನ್ನ ಕೈಯಾರೆ ಕಳಿಸಿದರೆ ಉಳಿಯುತ್ತದೆ, ಇಲ್ಲಿದ್ದರೆ ಇನ್ನೊಂದು ಮಳೆಗಾಲ ಹೇಗೋ ಗೊತ್ತಿಲ್ಲ. ಆಸೆಯಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಬುವಾಚನ್‌ಳದು ಎಲ್ಲ ವಿಹಾರಗಳಲ್ಲೂ ಸಿಗುವ ಪಾಠ, ಹೊಸ ಗರಿ. ಇವರಲ್ಲಿ ಯಾರ ಪ್ರಾಣವನ್ನೂ ಅದು ಮೈಗೆ ಕರೆದಿಲ್ಲ.

"ದಾರ ಕಟ್ಟೋ ಕಟ್ಟು ಹೋಗ್ಲಿ," ಅಂದೆ.

ಸೆಂಗ್‌ಮಣಿ ಅದನ್ನು ಎರಡು ಹಲಗೆಗಳ ನಡುವೆ ಇಟ್ಟಳು. ಕಟ್ಟಿನ ಮೈಮೇಲೆ ಬಟ್ಟೆ ಇರಲಿಲ್ಲ. ಹಾಗೆ ಬರಿಮೈಯಲ್ಲಿ ದಾರಿಗೆ ಕಳಿಸುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಹೆಂಗಸರು ಅವರಿವರ ಹೆಗಲ ವಸ್ತ್ರ ನೋಡುತ್ತಿದ್ದರು. ನಾನು ಬುವಾಚನ್‌ಳ ಕಟ್ಟಿನ ದಾರ ಬಿಚ್ಚಿದೆ, ಕೆಂಪು ಬಟ್ಟೆ ತೆಗೆದೆ. ಗುರುಗಳನ್ನು ನೋಡಿದೆ.

"ಒಂದು ಕಟ್ಟಿಗೆ ಕೊಟ್ಟಿದ್ದನ್ನ ಇನ್ನೊಂದಕ್ಕೆ ಹೊದಿಸ್ಬಹುದಾ, ಗುರುಗಳೇ?"

"ಕೊಟ್ಟಿದ್ದು ಬುದ್ಧನಿಗೆ ಮೇಷ್ಟ್ರೇ. ಅವನು ಲೆಕ್ಕ ಇಡಲ್ಲ."

ಸುತ್ತುವಾಗ ಸೊಟ್ಟ ಬಾಲದ ನಾಗ ಮೇಲೆ ಬಂತು. ಸೆಂಗ್‌ಮಣಿ ಬಟ್ಟೆ ಯಾರದು ಎಂದು ಬರೆದುಕೊಳ್ಳಲು ಕೇಳಿದಳು. ಊರಿನದು ಅಂತ ಬರಿ, ಅಂದೆ. ಅವಳು ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಳು. ಎಲ್ಲರೂ ದಡದ ಮೆಟ್ಟಿಲಲ್ಲಿ ನಿಂತಿದ್ದೆವು. ದೋಣಿ ತಿರುವಿನಲ್ಲಿ ಮರೆಯಾಯಿತು.

"ವಿಯಂಚನ್ ಕೋಣೆ ಬಹಳ ತಣ್ಣಗಿರುತ್ತಂತೆ," ಅಂದಳು ಪೆಂಗಕ್ಕ. "ಬುವಾಚನ್‌ಗೆ ಚಳಿ ಅಂದ್ರೆ ಆಗ್ತಾನೇ ಇರ್ಲಿಲ್ಲ."

"ಅದಕ್ಕೇ ಅಲ್ವಾ ಅವಳು ಹೊದಿಕೆ ನೇಯ್ದಿದ್ದು," ಅಂದೆ.

ಮಾತು ತಾನಾಗಿ ಬಂದಿತ್ತು. ಬಂದ ಮೇಲೆ ನಿಲ್ಲಲು ಆಗಲಿಲ್ಲ, ಮೆಟ್ಟಿಲಿನ ಮೇಲೆ ಕೂತು ಎಲ್ಲರ ಮುಂದೆ ಅತ್ತೆ. ಅವಳು ಹೋದ ದಿನವೂ ನಾನು ಅತ್ತಿರಲಿಲ್ಲ. ಒಂದು ಕಾಲಕ್ಕೆ ಬಿಸಿಲಲ್ಲಿ ನಿಂತಿದ್ದ ಖಮ್‌ಪಾಯ್ ಬಂದು ನನ್ನ ಪಕ್ಕ ಕೂತ. ಪೆಂಗಕ್ಕ ಯಾರನ್ನೂ ಸಮಾಧಾನ ಮಾಡುವವಳಲ್ಲ, ನನ್ನ ತೋಳು ಹಿಡಿದು ಎಬ್ಬಿಸಿ, ಇನ್ನೂ ಒರೆಸದ ಗರಿ ಬೇಕಾದಷ್ಟಿವೆ ಅಂದಳು. ಎಲ್ಲರೂ ವಾಪಸು ವಿಹಾರಕ್ಕೆ ಹೋದೆವು. ಬಟ್ಟೆಯಿಲ್ಲದೆ ಉಳಿದ ಬುವಾಚನ್‌ಳ ಗರಿಗಳನ್ನು ಮೊದಲು ಕೈಗೆತ್ತಿಕೊಂಡೆ.